ಮಗು ಬಾಯಿ ಬಿಡಬೇಕಾದರೆ

2020ರ ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಗಳು ಮುಚ್ಚಿದುವು. ಅದುವರೆಗೆ ಫೋನನ್ನು ಮುಟ್ಟಕೂಡದೆಂದು ಗದರುತ್ತಿದ್ದ ಹಿರಿಯರೇ ಪಾಠಕ್ಕೆಂದು ಅದನ್ನು ಮಕ್ಕಳ ಕೈಗಿತ್ತರು. ಶಾಲೆಗಳು ಮತ್ತೆ ತೆರೆದುವು. ಫೋನು ಮಾತ್ರ ಹಿಂದಿರುಗಲಿಲ್ಲ. ಇದಕ್ಕಾಗಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಓದು, ಆಟ, ಗೆಳೆತನ ಮೂರೂ ಅಂತರಜಾಲದಲ್ಲಿಯೇ ನಡೆಯುತ್ತಿರುವಾಗ ಮಕ್ಕಳನ್ನು ಅದರಿಂದ ಹೊರಗಿಡುತ್ತೇವೆಂಬುದು ಆಗದ ಮಾತು. (‘ಜಾಲ’ವೆಂದರೆ ಬಲೆಯೂ ಹೌದು, ಮೋಸವೂ ಹೌದು. ಈ ಹೆಸರನ್ನು ಟಂಕಿಸಿದವರು ಅಷ್ಟು ದೂರ ಯೋಚಿಸಿದ್ದರೋ ಇಲ್ಲವೋ!)

ಸರಕಾರಗಳು ವಯಸ್ಸಿನ ಬೇಲಿಯನ್ನು ಕಟ್ಟುತ್ತಿವೆ. ಆಸ್ಟ್ರೇಲಿಯ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿತು. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿಯೂ 18ರೊಳಗಿನವರಿಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂಬ ವಿಧಿಯಿದೆ. ಬೇಲಿ ಇರತಕ್ಕದ್ದೇ. ಆದರೆ ಹುಟ್ಟಿದ ವರ್ಷವನ್ನು ತಿದ್ದಿ ಬರೆಯುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಕೇಡಿಗನು ಅಲ್ಲಿ ಮೊದಲು ಬರುವುದು ಗೆಳೆಯನಾಗಿ. ಆನ್‌ಲೈನ್ ಆಟವೊಂದರಲ್ಲಿ ಜೊತೆಗೂಡುತ್ತಾನೆ; ತಾನೂ ಎಂಟನೆಯ ತರಗತಿಯವನೇ ಎನ್ನುತ್ತಾನೆ; ಮನೆಯಲ್ಲಿ ಯಾರೂ ಆಡದ ಮೆಚ್ಚುಮಾತುಗಳನ್ನಾಡುತ್ತಾನೆ. ಕೆಲವು ದಿನಗಳಲ್ಲಿ ಮಾತುಕತೆ ಆಟದಿಂದ ವಾಟ್ಸ್‌ಆಪಿಗೋ ಇನ್‌ಸ್ಟಾಗ್ರಾಮಿಗೋ ಸಾಗುತ್ತದೆ. ‘ಇದು ನಮ್ಮಿಬ್ಬರಲ್ಲಿಯೇ ಇರಲಿ’ ಎಂಬ ಮಾತು ಬಂದಿತೆಂದರೆ ಬಲೆ ಬಿದ್ದಂತೆಯೇ. ಬಳಿಕ ಒಂದು ಚಿತ್ರದ ಬೇಡಿಕೆ. ಚಿತ್ರ ಕೈಸೇರಿದೊಡನೆ ಬೆದರಿಕೆ: ‘ಇನ್ನಷ್ಟು ಕಳುಹಿಸು, ಇಲ್ಲವಾದರೆ ನಿನ್ನ ಅಪ್ಪನಿಗೆ ತೋರಿಸುತ್ತೇನೆ.’

ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ನಮ್ಮ ಕೋಪವನ್ನೇ ಕತ್ತಿಯಾಗಿ ಹಿಡಿದು ಅವನು ನಮ್ಮ ಮಗುವನ್ನು ಹೆದರಿಸುತ್ತಾನೆ. ನನ್ನ ವಿದ್ಯಾರ್ಥಿನಿಯರೊಡನೆ ಈ ವಿಷಯವನ್ನು ಎತ್ತಿದಾಗಲೆಲ್ಲ ನಾನು ಕೇಳಿರುವುದು ಒಂದೇ ಪಲ್ಲವಿ: ‘ಮನೆಯಲ್ಲಿ ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆ ಮೇಡಂ, ಕಾಲೇಜನ್ನೂ ಬಿಡಿಸುತ್ತಾರೆ.’ ಅಪರಾಧ ಎಲ್ಲಿಯೋ ಇರುವವನದು, ಓದು ನಿಲ್ಲುವುದು ಹುಡುಗಿಯದು! ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ನ್ಯಾಯವನ್ನು ಮಕ್ಕಳು ಚೆನ್ನಾಗಿ ಬಲ್ಲರು. ಆದುದರಿಂದಲೇ ಅವರು ಮೌನವಾಗಿರುತ್ತಾರೆ, ಮತ್ತೊಂದು ಚಿತ್ರವನ್ನೂ ಕಳುಹಿಸುತ್ತಾರೆ.

ಏನೂ ಸಂಭವಿಸುವ ಮೊದಲೇ ಮಗುವಿಗೆ ಒಂದು ಮಾತು ಕೊಡಬೇಕು: ಚಿತ್ರವನ್ನು ಕಳುಹಿಸಿಬಿಟ್ಟಿದ್ದರೂ ಬಂದು ಹೇಳು, ಬೈಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ. ಇದನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲಿ ಯಾವ ತಂದೆಯ ರಕ್ತವಾದರೂ ಕುದಿಯುತ್ತದೆ. ಕುದಿಯಲಿ, ಮಗುವಿನ ಮುಂದೆ ಬೇಡ.

ಮರ್ಯಾದೆ ಹೋದೀತೆಂದು ಪೋಲೀಸರ ಬಳಿಗೆ ಹೋಗದವರು ಬಹಳ ಮಂದಿ. 2012ರ ಪೋಕ್ಸೊ ಕಾಯಿದೆ ಈ ಅಂಜಿಕೆಯನ್ನು ಬಲ್ಲದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಪಡೆಯಬಹುದು. ಪಡೆಯುವ ಪೋಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಕೂಡದು, ಸಾಧ್ಯವಾದ ಮಟ್ಟಿಗೂ ಹೆಂಗಸಾಗಿರಬೇಕು. ರಾತ್ರಿಯ ವೇಳೆ ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಹೆಸರು, ವಿಳಾಸ, ಶಾಲೆ ಯಾವುದನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ಇಷ್ಟು ಮೃದುವಾದ ಕಾಯಿದೆಯೊಂದು ನಮ್ಮಲ್ಲಿದೆಯೆಂಬುದೇ ಎಷ್ಟೋ ಮನೆಗಳಿಗೆ ತಿಳಿಯದು.

ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಬೆದರಿಸುವವನಿಗೆ ಹಣ ಕೊಡಬಾರದು. ಕೊಟ್ಟವರನ್ನು ಅವನು ಮತ್ತೆ ಕೇಳುತ್ತಾನೆ. ಅವನು ಕಳುಹಿಸಿದ ಸಂದೇಶಗಳನ್ನೂ ಅವನ ಖಾತೆಯ ಹೆಸರನ್ನೂ ಅಳಿಸದೆ ಹಾಗೆಯೇ ಇರಿಸಿಕೊಳ್ಳಬೇಕು. ಪೋಲೀಸರು ಅವನ ಜಾಡು ಹಿಡಿಯುವುದು ಅವುಗಳಿಂದಲೇ. ಅಪ್ಪನು ಸಿಟ್ಟಿನಿಂದ ಫೋನನ್ನು ನೆಲಕ್ಕಪ್ಪಳಿಸಿದನೆಂದರೆ ಆ ಸಾಕ್ಷ್ಯವೂ ಅದರೊಡನೆ ಹೋಯಿತು.