ಗಾಂಧಿ ಕ್ಲಾಸಿನಿಂದ: ನಗಿಸೋ ದೋಸ್ತ ಬಾಯಿ ಬಿಡಬೇಕಾದಾಗ

ಒಂದು ಪ್ರಶ್ನೆ ಕೇಳ್ತೀನಿ, ನಿಮ್ಮ ಬಸ್ಸು ಬರೋದರೊಳಗೆ ಉತ್ತರ ಹೇಳಿಬಿಡಿ. ಪ್ರೇಮಕಥೆಯ ಚಿತ್ರಗಳಲ್ಲಿ ನಾಯಕನ ಪಕ್ಕ ಒಬ್ಬ ಗೆಳೆಯ ಇರ್ತಾನಲ್ಲ, ಸಣಕಲು ದೇಹ, ಅಗಲ ಬಾಯಿ, ಆ ಬಾಯಿ ಬಿಟ್ಟರೆ ಬರೀ ಜೋಕು... ಆ ಮಹಾಶಯ ಕೊನೇ ರೀಲಿನಲ್ಲಿ ಎಲ್ಲಿರ್ತಾನೆ?

ಹೊಳೀಲಿಲ್ಲ ಅಲ್ಲವೇ? ನನಗೂ ಬಹಳ ವರ್ಷ ಹೊಳೆದಿರಲಿಲ್ಲ. ನಾಯಕ ಬೆಟ್ಟದ ತುದಿಗೆ ನಿಂತಾಗ, ನಾಯಕಿ ಇನ್ನೊಬ್ಬನ ಕೈಹಿಡಿದಾಗ ನಮ್ಮ ಕಣ್ಣೆಲ್ಲ ಅವರಿಬ್ಬರ ಮೇಲೆ. ಅಲ್ಲೀತನಕ ನಮ್ಮನ್ನು ಬಿದ್ದು ಬಿದ್ದು ನಗಿಸಿದವನನ್ನು ಯಾರು ಕೇಳಬೇಕು? ಇಂಟರ್ವಲ್ ಆದಮೇಲೆ ಅವನ ಪಗಾರ ಕೊಟ್ಟು ಮನೆಗೆ ಕಳಿಸಿದ ಹಾಗೆ!

"ಅಳೋ ಚಿತ್ರದಲ್ಲಿ ನಡುನಡುವೆ ಒಂಚೂರು ನಗು ಬೇಕಪ್ಪ, ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ" ಅನ್ನುತ್ತಾರೆ ಬಲ್ಲವರು. ನಾನು ಒಪ್ಪೋದಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ನಮ್ಮೂರು ಅಂಕಲಿ. ಚಿಕ್ಕೋಡಿ ತಾಲೂಕು, ಕೃಷ್ಣೆಯ ದಂಡೆ. ನಮ್ಮೂರ ಶಿತೋಳೆ ಸರಕಾರರ ವಾಡೆಯಿಂದ ವರ್ಷಾ ವರ್ಷ ಆಷಾಢದ ವಾರಿಗೆ ಎರಡು ಕುದುರೆ ಆಳಂದಿಗೆ ಹೊರಡುತ್ತವೆ. ಜ್ಞಾನೇಶ್ವರ ಮಹಾರಾಜರ ಪಾಲಕಿಯ ಜೊತೆ ಪಂಢರಪುರದ ತನಕ ನಡೆಯುತ್ತವೆ. ಒಂದರ ಮೇಲೆ ನಿಶಾನಿ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಖಾಲಿ, ಅದು ಮಾವುಲಿಯ ಕುದುರೆ. ಜನ ಮುಗಿಬಿದ್ದು ಕೈಮುಗಿಯೋದು ಖಾಲಿ ಬೆನ್ನಿನ ಕುದುರೆಗೆ. ಆದರೆ ಜೊತೆಯ ಕುದುರೆ ಬಿಟ್ಟು ಅದು ಊರು ದಾಟಿದ್ದನ್ನು ನಾನು ಕಂಡಿಲ್ಲ. ನಾಯಕ ಮತ್ತು ಅವನ ದೋಸ್ತ ಅಂದರೆ ನನಗೆ ನೆನಪಾಗೋದು ಈ ಜೋಡಿ. ಜೊತೆಯವನು ಸರಿಯಾಗಿ ನಡೆದರೆ ಮೆರವಣಿಗೆ, ತಪ್ಪು ಹೆಜ್ಜೆ ಇಟ್ಟರೆ ಇಬ್ಬರೂ ಗುಂಡಿಗೆ.

ಈಗ 1972ರ ‘ನಾಗರಹಾವು’ ತಗೊಳ್ಳಿ. ಪುಟ್ಟಣ್ಣ ಕಣಗಾಲರ ನಿರ್ದೇಶನ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದ ಕಥೆ. ರಾಮಾಚಾರಿಯಾಗಿ ಬಂದ ವಿಷ್ಣುವರ್ಧನ್‌ಗೆ ನೀವು ಶಿಳ್ಳೆ ಹೊಡೆದಿರಿ. ಚಾಮಯ್ಯ ಮೇಷ್ಟ್ರಾದ ಅಶ್ವಥ್ ಅವರನ್ನು ನೋಡಿ ಮೂಗು ಸೀಟಿದಿರಿ. ಜಲೀಲನಾದ ಅಂಬರೀಷ್ ತೆರೆಗೆ ಬಂದಾಗ ಹೋ ಅಂದಿರಿ. ಎಲ್ಲಾ ಸರಿ. ಆದರೆ ವರದನನ್ನು ನೋಡಿದಿರಾ?

ವರದ ಅಂದರೆ ನಮ್ಮ ಶಿವರಾಂ. 1965ರ ‘ಬೆರೆತ ಜೀವ’ದಲ್ಲಿ ಬಣ್ಣ ಹಚ್ಚಿದವರು, 2021ರಲ್ಲಿ ತೀರಿಕೊಳ್ಳುವ ತನಕ ನಾಲ್ಕೈದು ತಲೆಮಾರಿನ ಪ್ರೇಕ್ಷಕರನ್ನು ನಗಿಸಿದವರು. ಈ ವರದ ಮಹಾ ಪುಕ್ಕಲ. ತಂಗಿ ಅಲಮೇಲುವಿನ ಬೆನ್ನು ಹತ್ತಿ ಜಲೀಲ ಕಾಡುತ್ತಾನೆ, ಎದುರು ನಿಲ್ಲೋ ಧೈರ್ಯ ಅಣ್ಣನಿಗಿಲ್ಲ. ರಾಮಾಚಾರಿಗೆ ಗಂಟುಬೀಳುತ್ತಾನೆ. ಜಲೀಲನನ್ನು ಬಗ್ಗುಬಡಿದರೆ ತಂಗಿಯನ್ನು ನಿನಗೇ ಕೊಟ್ಟು ಮದುವೆ ಮಾಡ್ತೀನಿ ಅಂತ ಮಾತು ಕೊಡುತ್ತಾನೆ. ಆ ಪುಕ್ಕಲನ ಪಾಡು ನೋಡಿ ನಾವು ನಕ್ಕಿದ್ದೇ ನಕ್ಕಿದ್ದು!

ವರದನಿಗೆ ಅದು ಆ ಹೊತ್ತಿಗೆ ಬಾಯಿಗೆ ಬಂದ ಮಾತು. ರಾಮಾಚಾರಿಗೆ ಅದು ಭಾಷೆ. ಹೊಡೆದಾಟ ಮುಗಿಯಿತು, ಪ್ರೀತಿ ಶುರುವಾಯಿತು. ಮದುವೆಯ ಮಾತು ಮನೆಗೆ ಬಂದ ದಿನ ವರದನ ನಾಲಿಗೆ ಒಳಗೆ ಹೋಗಿಬಿಟ್ಟಿತು. ಹೌದು, ನಾನೇ ಮಾತು ಕೊಟ್ಟವನು ಅಂತ ಎದೆ ಕೊಟ್ಟು ನಿಲ್ಲಲಿಲ್ಲ. ಆಮೇಲಿನದು ನಿಮಗೆ ಗೊತ್ತು. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಪ್ರೀತಿ ಬಿಟ್ಟುಕೊಟ್ಟ. ಅಲಮೇಲು ಬೇರೆಯವನನ್ನು ಮದುವೆಯಾದಳು, ಆ ಗಂಡ ಅವಳನ್ನು ಮಾರಾಟದ ಬದುಕಿಗೆ ನೂಕಿದ. ಆಮೇಲೆ ಮಾರ್ಗರೇಟ್ ಬಂದಳು. ಕೊನೆಗೆ ದುರ್ಗದ ಬೆಟ್ಟದ ಮೇಲೆ ಮೇಷ್ಟ್ರು, ರಾಮಾಚಾರಿ, ಮಾರ್ಗರೇಟ್ ಮೂವರೂ ಉಳಿಯಲಿಲ್ಲ. ಜನ ಜಾತಿಯನ್ನು ಬೈದರು, ಸಮಾಜವನ್ನು ಬೈದರು, ಕೆಲವರು ಮೇಷ್ಟ್ರನ್ನೂ ಬೈದರು. ವರದನನ್ನು ಯಾರೂ ಬೈಯಲಿಲ್ಲ. ಯಾಕೆಂದರೆ ಅವನು ನಗಿಸಿದ್ದ!

2018ರಲ್ಲಿ ಈ ಚಿತ್ರವನ್ನು ಹೊಸ ಬಣ್ಣ, ಹೊಸ ಸದ್ದು ಕೊಟ್ಟು ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ಹೋಗಿ ಕೂತೆ. ಪಕ್ಕದಲ್ಲಿ ಮೀಸೆ ಮೂಡದ ಹುಡುಗರು. ವರದ ಬಂದಾಗ ಅವರು ನಕ್ಕರು. ನನಗೆ ನಗು ಬರಲಿಲ್ಲ.

ಇದು ಬರೀ ಬೆಂಗಳೂರು ಸಿನಿಮಾದ ಮಾತು ಅಂದುಕೊಳ್ಳಬೇಡಿ. ನಮ್ಮ ಬೆಳಗಾವಿ ಜಿಲ್ಲೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ನೋಡಿ. ಬೈಲಹೊಂಗಲ ಸೀಮೆಯಲ್ಲಿ ನಿಜಕ್ಕೂ ನಡೆದ ಕೊಲೆಯ ಕಥೆ ಅದು. 1992ರಲ್ಲಿ ಚಲನಚಿತ್ರವೂ ಆಯಿತು. ಶ್ರೀಮಂತ ಸಂಗ್ಯಾ, ಈರ್ಯಾನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಈರ್ಯಾ ವ್ಯಾಪಾರಕ್ಕೆ ಹೊರಟಾಗ ಮನೆಯ ಮೇಲೆ ಕಣ್ಣಿಡು ಅಂತ ನಂಬಿ ಹೇಳಿದ್ದು ಯಾರಿಗೆ? ಇದೇ ಸಂಗ್ಯಾನಿಗೆ! ಬಾಳ್ಯಾ ಅವನ ಜೀವದ ಗೆಳೆಯ. ಮೊದಲು ಸಂಗ್ಯಾನ ಆಸೆಗೆ ದಾರಿ ಮಾಡಿಕೊಟ್ಟ. ಕಡೆಗೆ ಈರ್ಯಾನ ಕಡೆಯವರ ದುಡ್ಡಿಗೆ ಬಾಯಿ ಬಿಟ್ಟು, ಅದೇ ಸಂಗ್ಯಾನನ್ನು ಕೊಲ್ಲುವವರ ಕೈಗೆ ಕೊಟ್ಟ.

ಆಟದ ಹೆಸರು ಗಮನಿಸಿದಿರಾ? ‘ಸಂಗ್ಯಾ ಗಂಗಿ’ ಅಲ್ಲ. ‘ಸಂಗ್ಯಾ ಬಾಳ್ಯಾ’. ಪ್ರೇಮದ ಕಥೆ, ಆದರೆ ಹೆಸರಿನಲ್ಲಿ ಹುಡುಗಿ ಇಲ್ಲ, ದೋಸ್ತ ಇದ್ದಾನೆ! ನಮ್ಮ ಹಳ್ಳಿಯ ಜನ ದಡ್ಡರಲ್ಲ ಕಣ್ರೀ. ಕಥೆ ಎಲ್ಲಿ ಕೆಟ್ಟಿತು ಅನ್ನೋದು ಅವರಿಗೆ ಗೊತ್ತಿತ್ತು. ನಾನು ಸಣ್ಣವನಿದ್ದಾಗ ನೋಡಿದ ಆಟದಲ್ಲಿ ಬಾಳ್ಯಾನ ಪಾತ್ರಕ್ಕೆ ಊರಿನ ದೊಡ್ಡ ಮಾತುಗಾರನನ್ನೇ ಹಾಕಿದ್ದರು. ನಡುರಾತ್ರಿಯವರೆಗೆ ಅವನು ಬಾಯಿ ತೆಗೆದರೆ ಸಾಕು, ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಬೆಳಗಿನ ಜಾವ ಅದೇ ಬಾಯಿ ದುಡ್ಡಿನ ಮಾತಾಡಿದಾಗ ಮುದುಕಿಯರು ಚಪ್ಪಲಿ ಹುಡುಕಿದರು.

"ಲೇ ಸಂಗ್ಯಾ, ಇದು ಇನ್ನೊಬ್ಬರ ಮನಿ ಸಂಸಾರ, ಬ್ಯಾಡೋ" ಅಂತ ಬಾಳ್ಯಾ ಗಟ್ಟಿಯಾಗಿ ನಿಂತು ಹೇಳಿದ್ದರೆ? ಅಪ್ಪ ಹೇಳಿದರೆ ಮಗ ಸಿಟ್ಟಾಗುತ್ತಾನೆ, ಗುರು ಹೇಳಿದರೆ ತಲೆ ಬಗ್ಗಿಸಿ ಆಮೇಲೆ ಮರೆಯುತ್ತಾನೆ. ನಗಿಸೋ ದೋಸ್ತ ಮಾತ್ರ ನಾಯಕನ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಬಲ್ಲ. ಹೇಳಿ ಮರುಕ್ಷಣ ಹೆಗಲ ಮೇಲೆ ಕೈ ಹಾಕಬಲ್ಲ. ಆ ಹಕ್ಕು ಕಥೆಯಲ್ಲಿ ಬೇರೆ ಯಾರಿಗೂ ಇಲ್ಲ. ನನ್ನ ವಾದ ಇಷ್ಟೇ ನೋಡಿ: ಅವನು ಉಪ್ಪಿನಕಾಯಿ ಅಲ್ಲ, ನಿಜ ಹೇಳೋಕೆ ಪರವಾನಗಿ ಇರೋ ಒಬ್ಬನೇ ಮನುಷ್ಯ. ಆ ಪರವಾನಗಿಯನ್ನು ಬರೀ ನಗಿಸೋದರಲ್ಲೇ ಖರ್ಚು ಮಾಡಿದ ದಿನ ಪ್ರೇಮಕಥೆ ದುರಂತಕ್ಕೆ ತಿರುಗುತ್ತದೆ.

ಕಾಳಿದಾಸನಿಗೂ ಈ ಗುಟ್ಟು ಗೊತ್ತಿತ್ತು. ‘ಶಾಕುಂತಲ’ದಲ್ಲಿ ದುಷ್ಯಂತನಿಗೆ ಮಾಧವ್ಯ ಅಂತ ಒಬ್ಬ ವಿದೂಷಕ ಗೆಳೆಯ. ರಾಜ ತನ್ನ ಪ್ರೀತಿಯನ್ನು ಅವನ ಮುಂದೆ ಬಿಚ್ಚಿಟ್ಟು, ಅಂತಃಪುರಕ್ಕೆ ಸುದ್ದಿ ಮುಟ್ಟೀತು ಅಂತ ಹೆದರಿ, ಹೇಳಿದ್ದೆಲ್ಲ ತಮಾಷೆ ಅಂದುಬಿಟ್ಟ. ಬಡಪಾಯಿ ನಂಬಿದ. ಮುಂದೆ ಶಾಪ ತಗುಲಿ ರಾಜ ಹೆಂಡತಿಯನ್ನು ಮರೆತಾಗ ನೆನಪು ಮಾಡಿಕೊಡುವವರಿಲ್ಲ! ಉಂಗುರ ಸಿಕ್ಕ ಮೇಲೆ ಕೇಳಿದರೆ, ತಮಾಷೆ ಅಂತ ನೀವೇ ಹೇಳಿದ್ದಿರಲ್ಲ ಅಂದ. ತಮಾಷೆ ಅನ್ನೋ ಒಂದು ಪದ ಎಷ್ಟು ದುಬಾರಿ ನೋಡಿ.

ಹೊಸ ಕಾಲದ ಹುಡುಗರು "ಸಾರ್, ನಮ್ಮ ‘ಮುಂಗಾರು ಮಳೆ’ಯಲ್ಲಿ ಅಂಥ ಗೆಳೆಯನೇ ಇಲ್ಲವಲ್ಲ" ಅಂದಾರು. 2006ರ ಕೊನೆಗೆ ಬಂದ ಯೋಗರಾಜ ಭಟ್ಟರ ಚಿತ್ರ, ವರ್ಷ ದಾಟಿ ಓಡಿತು. ಅದರಲ್ಲಿ ನಗಿಸೋ ಕೆಲಸವನ್ನೆಲ್ಲ ನಾಯಕನೇ ವಹಿಸಿಕೊಂಡ. ಗಣೇಶ್ ಬಾಯಿ ಮುಚ್ಚಿದ್ದೇ ಇಲ್ಲ. ಹಾಗಾದರೆ ದೋಸ್ತ ಯಾರು? ಮೊಲ! ಹೆಸರು ದೇವದಾಸ. ಪ್ರೀತಮ್ ಹೊಟ್ಟೆಯೊಳಗಿನದೆಲ್ಲ ಅದರ ಮುಂದೆ ಹೇಳಿಕೊಂಡ. ಆದರೆ ಮೊಲ ತಿರುಗಿ ಏನು ಹೇಳೀತು? "ನೀನು ಮಾಡ್ತಿರೋದು ಸರಿಯೇನೋ, ಹುಡುಗಿಯ ಮನಸ್ಸನ್ನೂ ಒಂದು ಮಾತು ಕೇಳೋ" ಅಂತ ಗದರಿಸೀತೇ? ತ್ಯಾಗ ಮಾಡಿ ಒಂಟಿಯಾಗಿ ಹೊರಟವನ ಪಕ್ಕದಲ್ಲಿ ಕೊನೆಗೆ ಆ ಮೊಲವೂ ಸತ್ತಿತು. ಥೇಟರಿನಲ್ಲಿ ಗಂಡಸರು ಅತ್ತಿದ್ದು ಅಲ್ಲೇ.

ಹಾಗಂತ ದೋಸ್ತ ಇದ್ದರೆ ಎಲ್ಲಾ ಸುಖಾಂತ ಅಂತಲೂ ಅಲ್ಲ. ನಮ್ಮ ಗಡಿಭಾಗದವರು 2016ರ ಮರಾಠಿ ‘ಸೈರಾಟ್’ ನೋಡಿದ್ದೀರಿ, 2017ರಲ್ಲಿ ಅದೇ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಯಿತು. ಕುಂಟ ಗೆಳೆಯನೂ ಸಲೀಮನೂ ನಗಿಸಿದರು, ಪೆಟ್ಟು ತಿಂದರು, ಹಿಂಜರಿಯಲಿಲ್ಲ. ಆದರೂ ಜಾತಿಯ ಕತ್ತಿಯನ್ನು ತಡೆಯೋಕೆ ಆಗಲಿಲ್ಲ. ಆ ಗೆಳೆಯರ ಮೇಲೆ ಮಾತ್ರ ನನಗೆ ಗೌರವ. ತಮ್ಮ ಪಾಲಿನದನ್ನು ಅವರು ಮಾಡಿದರು.

ನಾನು ಮಾಡಲಿಲ್ಲ.

ಹೇಳೋದು ಬೇಡ ಅಂತಿದ್ದೆ. ಆದರೆ ಇಷ್ಟು ಜನರ ತಪ್ಪು ಎಣಿಸಿ ನನ್ನದನ್ನು ಬಚ್ಚಿಟ್ಟರೆ ವರದನಿಗೂ ನನಗೂ ಏನು ಫರಕು? 1984ರ ‘ಬಂಧನ’ ನಮ್ಮ ಕಡೆ ಬಂದಾಗಿನ ಮಾತು. ನಾನೂ ನನ್ನ ದೋಸ್ತನೂ ಚಿಕ್ಕೋಡಿಗೆ ಹೋಗಿ ನೋಡಿದೆವು. ಮನಸ್ಸಿನಲ್ಲಿದ್ದದ್ದನ್ನು ಡಾಕ್ಟರ್ ಹರೀಶ್ ಹೇಳೋದರೊಳಗೆ ನಂದಿನಿ ಇನ್ನೊಬ್ಬನವಳಾಗುವ ಕಥೆ. ಊರಿಗೆ ತಿರುಗಿ ಬರುವಾಗ ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ. ಸ್ಟ್ಯಾಂಡಿನ ಚಾದಂಗಡಿಯಲ್ಲಿ ಕೂತಾಗ ಮೆಲ್ಲಗೆ ಅಂದ:

"ಲೇ, ನೀ ಅವರ ಅಣ್ಣನ ಜೋಡಿ ಚಲೋ ಅದಿ. ಒಮ್ಮಿ ನನ್ನ ಮಾತ ತಗದ ನೋಡಲ್ಲ. ಅಕಿನೂ ಹೂಂ ಅಂದಾಳ."

ಅವನದು ಬಾಡಿಗೆ ಸೈಕಲ್ಲಿನ ಅಂಗಡಿ. ಅವರದು ಹೊಳೆಸಾಲಿನ ಕಬ್ಬಿನ ಮನೆತನ. ಕಷ್ಟದ ಕೆಲಸ ಅಂತ ನನಗೆ ಗೊತ್ತು. ನನಗೆ ಹೆದರಿಕೆಯಾಯಿತು. ಹೆದರಿಕೆ ಅಂತ ಹೇಳೋಕೆ ನಾಚಿಕೆ. ಸುತ್ತ ಐದಾರು ಜನ ಹುಡುಗರು ಬೇರೆ. ನಾನು ಊರಿನ ಜೋಕರ್, ಬಾಯಿಗೆ ಬಂದದ್ದು ಅಂದೆ:

"ಮದ್ಲ ನಿನ್ನ ಮಾರಿ ಕನ್ನಡ್ಯಾಗ ನೋಡ್ಕೋಲೇ! ಆ ಮಾರಿಗೆ ಹೆಣ್ಣ ಕೇಳಾಕ ಹ್ವಾದ್ರ ನನ್ನ ಮಾರೀನೂ ಹಾಳಾಗತೈತಿ!"

ಅಂಗಡಿಗೆ ಅಂಗಡಿಯೇ ನಕ್ಕಿತು. ಅವನೂ ನಕ್ಕ. ಚಾ ಕುಡಿದ, ಎಲ್ಲರದೂ ದುಡ್ಡು ಕೊಟ್ಟ, ಎದ್ದು ಹೋದ. ಮತ್ತೆ ಆ ಮಾತು ಎತ್ತಲೇ ಇಲ್ಲ. ನಾನೂ ಕೇಳಲಿಲ್ಲ. ನಾಕು ತಿಂಗಳಲ್ಲಿ ಹುಡುಗಿಯ ಲಗ್ನ ಆಯಿತು. ಪಂಕ್ತಿಯಲ್ಲಿ ಬುಂದಿ ಬಡಿಸಿದವನು ನಾನೇ. ಅಷ್ಟೊತ್ತಿಗೆ ಅವನು ಅಂಗಡಿ ಮುಚ್ಚಿ ಇಚಲಕರಂಜಿಗೆ ಹೋಗಿ ಮಗ್ಗದ ಕೆಲಸಕ್ಕೆ ಸೇರಿದ್ದ.

ಬಹಳ ವರ್ಷದ ಮೇಲೆ ಮಿರಜ ಸ್ಟ್ಯಾಂಡಿನಲ್ಲಿ ಸಿಕ್ಕ. ಕೂದಲು ಬೆಳ್ಳಗಾಗಿತ್ತು, ಮಗ್ಗದ ಸದ್ದಿಗೆ ಕಿವಿ ಮಂದ. ಹೆಂಡತಿ ಮಕ್ಕಳ ಸುದ್ದಿ ಆಯಿತು. ನಾನೇ ತಡೆಯಲಾರದೆ ಆ ದಿನದ ಮಾತು ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

"ಕೇಳಿದ್ರೂ ಅವರೇನ ಕೊಡ್ತಿದ್ದಿಲ್ಲ ಬಿಡ. ಆದ್ರ ನೀ ನಗಸಿದ ಮ್ಯಾಲ ಇನ್ನೊಮ್ಮಿ ಕೇಳಾಕ ನನಗ ನಾಚಿಕಿ ಬಂತಲೇ."

ಅಷ್ಟರಲ್ಲಿ ಅವನ ಬಸ್ಸು ಬಂತು. ಕಿಟಕಿಯಿಂದ ಕೈ ಮಾಡಿದ. ನಾನು ಏನೋ ಒಂದು ಜೋಕು ಹೇಳಲಿಕ್ಕೆ ಬಾಯಿ ತೆಗೆದೆ... ಬರಲಿಲ್ಲ.

ಗೆಳೆಯರೇ, ನಿಮ್ಮ ಗುಂಪಿನಲ್ಲೂ ಒಬ್ಬ ಜೋಕರ್ ಇದ್ದೇ ಇರ್ತಾನೆ. ಈ ಪುಟ ಓದ್ತಿರೋ ನೀವೇ ಅವನಾಗಿದ್ದರೂ ಇರಬಹುದು. ನಗಿಸಿ, ಬೇಡ ಅನ್ನಲ್ಲ. ಆದರೆ ಯಾವನಾದರೂ ದೋಸ್ತ ದನಿ ತಗ್ಗಿಸಿ ಮಾತಾಡಿದ ಅಂದರೆ, ಎದ್ದು ಅವನನ್ನು ಅಂಗಡಿಯಿಂದ ಆಚೆ ಕರಕೊಂಡು ಹೋಗಿ. ಹುಡುಗಿಗೆ ಮನಸ್ಸಿದ್ದರೆ ಅವನ ಜೊತೆ ಹೋಗಿ ಬಾಗಿಲು ತಟ್ಟಿ. ಅವಳು ಒಲ್ಲೆ ಅಂದಿದ್ದರೆ, "ಬಿಡಲೇ, ಅಕಿ ದಾರಿಗೆ ಅಡ್ಡ ಹೋಗಬ್ಯಾಡ" ಅಂತ ಹೇಳೋ ಕೆಲಸವೂ ನಿಮ್ಮದೇ. ನಿಮ್ಮಿಂದ ಆಗದಿದ್ದರೆ ಆಗಲ್ಲ ಅಂತ ನೇರವಾಗಿ ಹೇಳಿ. ಜೋಕು ಆಮೇಲೆ ಇದ್ದೇ ಇದೆ.

ಬಸ್ಸು ಬಂತೇ? ಹತ್ತಿ, ಹತ್ತಿ. ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ. ಮುಂದಿನ ವಾರ ಇದೇ ಗಾಂಧಿ ಕ್ಲಾಸಿನಲ್ಲಿ ಸಿಗೋಣ.