ಕೆಂಪು ದೀಪದ ಹಿಂದೆ ಹರಿಯುವ ನೀರು

ಮಲೆನಾಡಿನ ಮನೆಗಳಲ್ಲಿ ಒಂದು ರೂಢಿಯಿದೆ. ಏಪ್ರಿಲ್–ಮೇ ತಿಂಗಳ ಸಂಜೆ ಗುಡ್ಡದಾಚೆ ಗುಡುಗಿನ ಸದ್ದು ಕೇಳಿದೊಡನೆ ಮನೆಯವರು ಟಿ.ವಿ.ಯ ಪ್ಲಗ್ ಕಿತ್ತಿಡುತ್ತಾರೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಡಿಲಿಗೆ ಒಮ್ಮೆ ಉಪಕರಣ ಕಳೆದುಕೊಂಡವರ ಅನುಭವವೇ ಸಾಕು. ಆಕಾಶ ತಿಳಿಯಾದ ಮೇಲೆ ಪ್ಲಗ್ ಮತ್ತೆ ಗೋಡೆ ಸೇರುತ್ತದೆ. ಮುಂದಿನ ಗುಡುಗಿನವರೆಗೆ ಆ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ. ರಿಮೋಟ್ ಒತ್ತಿದರೆ ಟಿ.ವಿ. ಆರಿತೆಂದೇ ಎಲ್ಲರ ಭಾವನೆ. ಮೂಲೆಯಲ್ಲೊಂದು ಕೆಂಪು ದೀಪ ಮಾತ್ರ ರಾತ್ರಿಯಿಡೀ ಉರಿಯುತ್ತಿರುತ್ತದೆ.

ಆ ದೀಪ ತಾನಾಗಿ ಕಬಳಿಸುವ ವಿದ್ಯುತ್ತು ಅತ್ಯಲ್ಪ. ಆದರೆ ಉಪಕರಣ ನಿದ್ರಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ರಿಮೋಟಿನ ಸಂಜ್ಞೆಗಾಗಿ ಕಾಯುವ ಮಂಡಲವೊಂದು ಒಳಗೆ ಎಚ್ಚರವಾಗಿರುತ್ತದೆ. ಅದಕ್ಕೆ ವಿದ್ಯುತ್ ಒದಗಿಸುವ ಅಡಾಪ್ಟರ್ ಬೆಚ್ಚಗಾಗುತ್ತಲೇ ಇರುತ್ತದೆ. ಈ ಕಾಯುವ ಸ್ಥಿತಿಯನ್ನೇ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಒಂದು ವ್ಯಾಟ್‌ನ ಉಪಕರಣ ವರ್ಷವಿಡೀ ಹೀಗೆ ಕಾದರೆ 8.76 ಯೂನಿಟ್ ಖರ್ಚಾಗುತ್ತದೆ. ಯುರೋಪಿನ ಒಕ್ಕೂಟ ಇದನ್ನು ಗಂಭೀರವಾಗಿ ಪರಿಗಣಿಸಿ, ಗೃಹೋಪಯೋಗಿ ಉಪಕರಣಗಳ ಸ್ಟ್ಯಾಂಡ್‌ಬೈ ಬಳಕೆಗೆ 2010ರಲ್ಲಿ ಒಂದು ವ್ಯಾಟ್‌ನ ಮಿತಿ ಹಾಕಿತು. 2013ರಲ್ಲಿ ಅದನ್ನು ಅರ್ಧ ವ್ಯಾಟ್‌ಗೆ ಇಳಿಸಿತು. ಸಮಯ ಮುಂತಾದ ಮಾಹಿತಿ ತೋರಿಸುವ ಉಪಕರಣಗಳಿಗೆ ಆಗ ಅದರ ಇಮ್ಮಡಿಯ ರಿಯಾಯಿತಿ ಇತ್ತು.

ಹೊಸ ಟಿ.ವಿ.ಗಳು ಈಗ ಈ ಮಿತಿಯ ಆಸುಪಾಸಿನಲ್ಲಿವೆ. ಬರಿದೇ ಸಿಕ್ಕಿಸಿಟ್ಟ ಮೊಬೈಲ್ ಚಾರ್ಜರ್‌ನ ಬಳಕೆ ಇನ್ನೂ ಕಡಿಮೆ. ನಿಜವಾದ ಹೊಟ್ಟೆಬಾಕ ಟಿ.ವಿ.ಯ ಪಕ್ಕದ ಸೆಟ್‌ಟಾಪ್ ಬಾಕ್ಸ್. ಬಹುಪಾಲು ಹಳೆಯ ಬಾಕ್ಸ್‌ಗಳು ಆರಿಸಿದಾಗಲೂ ಉರಿಯುವಾಗಿನಷ್ಟೇ ವಿದ್ಯುತ್ ಕುಡಿಯುತ್ತವೆ. ಹತ್ತು ವ್ಯಾಟ್‌ನ ಬಾಕ್ಸ್ ದಿನಕ್ಕೆ ಇಪ್ಪತ್ತು ಗಂಟೆ ವ್ಯರ್ಥವಾಗಿ ಕಾದರೆ ವರ್ಷಕ್ಕೆ 73 ಯೂನಿಟ್. ಆರು ವ್ಯಾಟ್‌ನ ವೈಫೈ ರೌಟರ್ ಎಲ್ಲರೂ ಮಲಗಿದ ಎಂಟು ಗಂಟೆ ಎಚ್ಚರವಿದ್ದರೆ ಮತ್ತೆ 17 ಯೂನಿಟ್. ಟಿ.ವಿ.ಯ ಪಾಲನ್ನೂ ಸೇರಿಸಿದರೆ ಒಂದು ಸಾಧಾರಣ ಮನೆಯಲ್ಲಿ ವರ್ಷಕ್ಕೆ ನೂರು ಯೂನಿಟ್‌ನಷ್ಟು ವಿದ್ಯುತ್ತು ಯಾರ ಉಪಯೋಗಕ್ಕೂ ಬಾರದೆ ಹೋಗುತ್ತದೆ.

ನೂರು ಯೂನಿಟ್ ಎಂದರೇನೆಂದು ಮಲೆನಾಡಿಗರಿಗೆ ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿದೀತು. ಶರಾವತಿಯ ನೀರು ನಾನೂರು ಮೀಟರ್‌ಗೂ ಹೆಚ್ಚಿನ ಎತ್ತರದಿಂದ ಕೊಳವೆಗಳಲ್ಲಿ ಧುಮುಕಿ ಟರ್ಬೈನ್ ತಿರುಗಿಸುತ್ತದೆ. ಅಷ್ಟು ಎತ್ತರವಿದ್ದೂ ಒಂದು ಯೂನಿಟ್ ಉತ್ಪಾದನೆಗೆ ಸುಮಾರು ಸಾವಿರ ಲೀಟರ್ ನೀರು ಬೇಕು. ಅಂದರೆ ಒಂದು ಮನೆಯ ಕೆಂಪು ದೀಪಗಳ ಹಿಂದೆ ವರ್ಷಕ್ಕೆ ಲಕ್ಷ ಲೀಟರ್ ನೀರು ಹರಿದುಹೋಗುತ್ತದೆ. ವಿದ್ಯುತ್ತು ಕಲ್ಲಿದ್ದಲಿನಿಂದ ಬಂದದ್ದಾದರೆ ನೀರಿನ ಬದಲು ಹೊಗೆ ಮತ್ತು ಹಾರುಬೂದಿಯ ಲೆಕ್ಕ ಬರೆಯಬೇಕಾಗುತ್ತದೆ, ಅಷ್ಟೆ.

ರಾಜ್ಯದ ಒಂದು ಕೋಟಿ ಮನೆಗಳಲ್ಲಿ ಇದರ ಅರ್ಧದಷ್ಟೇ ಪೋಲಾಗುತ್ತದೆಂದು ಇಟ್ಟುಕೊಂಡರೂ ವರ್ಷಕ್ಕೆ 50 ಕೋಟಿ ಯೂನಿಟ್ ಆಯಿತು. ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿರುವ 55 ಮೆಗಾವ್ಯಾಟ್‌ನ ವಿದ್ಯುದಾಗಾರ ವರ್ಷವಿಡೀ ಒಂದು ಕ್ಷಣವೂ ನಿಲ್ಲದೆ ಪೂರ್ಣ ಸಾಮರ್ಥ್ಯದಲ್ಲಿ ದುಡಿದರೂ ಇಷ್ಟು ಉತ್ಪಾದಿಸಲಾರದು. 1964ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿಗಾಗಿ ತೋಟ, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಎದ್ದುಬಂದ ಕುಟುಂಬಗಳಲ್ಲಿ ಅನೇಕರಿಗೆ ಭೂಮಿಯ ಹಕ್ಕು ದಶಕಗಳು ಕಳೆದರೂ ದಕ್ಕಲಿಲ್ಲ. ಅವರ ತ್ಯಾಗದಿಂದ ಹುಟ್ಟಿದ ಬೆಳಕು ಯಾರೂ ನೋಡದ ಟಿ.ವಿ.ಯ ಮುಂದೆ ವ್ಯಯವಾಗುವುದು ನ್ಯಾಯವೇ?

ಪರಿಸರ ಹೋರಾಟಗಾರರಿಗೆ ಎದುರಾಗುವ ಹಳೆಯ ಕುಹಕವೊಂದಿದೆ: ‘ಯೋಜನೆ ಬೇಡ ಎನ್ನುವವರು ಮನೆಯಲ್ಲಿ ಕರೆಂಟು ಉರಿಸುವುದಿಲ್ಲವೇ?’ 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿದ ಅಡಿಕೆ ಬೆಳೆಗಾರರೂ ಇದನ್ನು ಕೇಳಿಸಿಕೊಂಡರು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ನೆಲೆಯಾದ ಕಣಿವೆಯಲ್ಲಿ, 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾಪವಾದಾಗ ವಿರೋಧಿಸಿದವರಿಗೂ ಇದು ತಪ್ಪಲಿಲ್ಲ. ಇಂಥ ಯೋಜನೆ ನೀರನ್ನು ಮೇಲೆತ್ತಲು ಬಳಸುವ ವಿದ್ಯುತ್ತು, ಮರಳಿ ಕೊಡುವುದಕ್ಕಿಂತ ಹೆಚ್ಚು. ಸಂಜೆಯ ಗರಿಷ್ಠ ಬೇಡಿಕೆಯನ್ನು ನೀಗಿಸುವುದು ಅದರ ಮುಖ್ಯ ಸಮರ್ಥನೆ. ಸ್ಟ್ಯಾಂಡ್‌ಬೈ ಹೊರೆಯಾದರೋ ಹಗಲಿರುಳೆನ್ನದೆ, ಆ ಸಂಜೆಯ ಹೊತ್ತಿನಲ್ಲೂ ತಂತಿಯ ಮೇಲಿರುತ್ತದೆ. ಸ್ವಿಚ್ ಆರಿಸಿದ ಮಾತ್ರಕ್ಕೆ ಬೃಹತ್ ಯೋಜನೆಗಳು ನಿಲ್ಲುವುದಿಲ್ಲ ಎಂಬುದು ನಿಜ; ಕೈಗಾರಿಕೆ, ಪಂಪ್‌ಸೆಟ್, ಸಾಗಾಣಿಕೆಯ ನಷ್ಟಗಳ ಪ್ರಶ್ನೆಯನ್ನು ಆಡಳಿತದ ಮುಂದೆ ಇಡುತ್ತಲೇ ಇರಬೇಕು. ಆದರೆ ತನ್ನ ಮನೆಯ ಪೋಲನ್ನು ತಡೆದವನ ಪ್ರಶ್ನೆಗೆ ಬರುವ ತೂಕವೇ ಬೇರೆ.

2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಜಾರಿಗೆ ಬಂದು ಅನೇಕ ಮನೆಗಳ ಬಿಲ್ ಶೂನ್ಯವಾಯಿತು. ಬಡ ಕುಟುಂಬಗಳಿಗೆ ಅದು ದೊಡ್ಡ ನೆರವು. ಆದರೆ ‘ಬಿಲ್ಲೇ ಇಲ್ಲದ ಮೇಲೆ ಉಳಿಸಿ ಏನು ಲಾಭ’ ಎಂಬ ಮಾತೂ ಅದರೊಂದಿಗೆ ಕೇಳಿಬರತೊಡಗಿತು. ಬಿಲ್ ಶೂನ್ಯವಾಗಬಹುದು, ನೀರಿನ ಲೆಕ್ಕ, ಕಾಡಿನ ಲೆಕ್ಕ ಶೂನ್ಯವಾಗುವುದಿಲ್ಲ. ಮನೆಯವರು ಕಟ್ಟದ ಹಣವನ್ನು ಸರ್ಕಾರದ ಬೊಕ್ಕಸ ಕಟ್ಟುತ್ತದೆ, ನಷ್ಟವನ್ನು ಕಣಿವೆ ತೆರುತ್ತದೆ.

ಪೋಲನ್ನು ಅಳೆಯಲು ಪ್ರಯೋಗಾಲಯ ಬೇಕಿಲ್ಲ. ವಿದ್ಯಾರ್ಥಿಗಳು ಮನೆಯಲ್ಲೇ ಅಳೆಯಬಹುದು. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಯೂನಿಟ್‌ಗೆ ಅದರ ಕೆಂಪು ದೀಪ ಎಷ್ಟು ಬಾರಿ ಮಿನುಗುತ್ತದೆಂದು ಬರೆದಿರುತ್ತದೆ. ದೀಪ, ಫ್ಯಾನ್, ಫ್ರಿಜ್, ಇನ್ವರ್ಟರ್‌ಗಳನ್ನು ಒಂದು ಗಂಟೆ ಪೂರ್ತಿ ಆರಿಸಿ, ರಿಮೋಟಿನಿಂದ ಆರಿಸಿದ ಉಪಕರಣಗಳನ್ನಷ್ಟೇ ಹಾಗೆಯೇ ಬಿಟ್ಟು ಮಿನುಗುಗಳನ್ನು ಎಣಿಸಬೇಕು. ಮೀಟರಿನ ಮೇಲೆ 3200 ಎಂದಿದ್ದು ಗಂಟೆಗೆ 64 ಬಾರಿ ಮಿನುಗಿದರೆ ಆ ಮನೆಯ ಸ್ಟ್ಯಾಂಡ್‌ಬೈ ಹೊರೆ 20 ವ್ಯಾಟ್. ಶಾಲೆಯ ಒಂದು ತರಗತಿ ಹೀಗೆ ಲೆಕ್ಕ ತೆಗೆದರೆ ಊರಿನ ಪೋಲು ಕರಿಹಲಗೆಯ ಮೇಲೆ ಕಾಣುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಗೋಡೆಯ ಸ್ವಿಚ್ ಆರಿಸಿದರೆ ಮುಗಿಯಿತು. ಟಿ.ವಿ. ಮತ್ತು ಬಾಕ್ಸ್ ಎರಡನ್ನೂ ಸ್ವಿಚ್ ಇರುವ ಒಂದೇ ಬೋರ್ಡಿಗೆ ಜೋಡಿಸಿದರೆ ಕೆಲಸ ಇನ್ನೂ ಸುಲಭ. ಬಾಕ್ಸ್ ಮತ್ತೆ ಎಚ್ಚರಗೊಳ್ಳಲು ಒಂದೆರಡು ನಿಮಿಷ ಬೇಕಾಗುತ್ತದೆ. ಕೊಡಬೇಕಾದ ಬೆಲೆ ಅಷ್ಟೇ. ಫ್ರಿಜ್ಜಿಗೆ, ಮಳೆಗಾಲದ ಇನ್ವರ್ಟರ್‌ಗೆ ಈ ನಿಯಮ ಬೇಡ.

ಸಿಡಿಲಿನ ಭಯಕ್ಕೆ ಪ್ಲಗ್ ಕೀಳುವ ಅಭ್ಯಾಸ ಮಲೆನಾಡಿನ ಕೈಗಳಿಗೆ ಇದ್ದೇ ಇದೆ. ಗುಡುಗದ ರಾತ್ರಿಗಳಲ್ಲೂ ಮಲಗುವ ಮುನ್ನ ಆ ಕೈ ಒಮ್ಮೆ ಗೋಡೆಯ ಕಡೆ ಹೋಗಲಿ.