ಅಂದ ಸರಿ, ಯಾರ ಕಣ್ಣಿಗೆ?

ಎಆರ್ ಕನ್ನಡಕ ಮಾಡೋರಿಗೆಲ್ಲ ಈಗ ಒಂದೇ ಚಿಂತೆ: ಗಾಜಿನೊಳಗಿನ ಕರಾಮತ್ತು ಎದುರಿಗಿರೋರಿಗೆ ಕಾಣಬಾರದು. ನಂಗೆ ಇದರಲ್ಲಿ ಅರ್ಧಕ್ಕೆ ಒಪ್ಪಿಗೆ, ಇನ್ನರ್ಧಕ್ಕೆ ತಕರಾರು.

2013ರ ಗೂಗಲ್ ಗ್ಲಾಸ್ ನೆನಪಿದೆಯಲ್ಲ? ಬಲಗಣ್ಣಿನ ಮೇಲೊಂದು ಗಾಜಿನ ತುಂಡು ಅಂಟಿಸಿಕೊಂಡ ಹಾಗಿತ್ತು. 1500 ಡಾಲರ್ ಕೊಟ್ಟು ನಗೆಪಾಟಲಾಗೋದು ಯಾರಿಗೆ ಬೇಕು! ಆಮೇಲೆ ವೇವ್‌ಗೈಡ್ ಬಂತು. ಪುಟಾಣಿ ಪ್ರೊಜೆಕ್ಟರಿನ ಬೆಳಕು ತೆಳು ಗಾಜಿನೊಳಗೇ ಪುಟಿಯುತ್ತಾ ಬಂದು ಕಣ್ಣೆದುರು ಹೊರಬೀಳುತ್ತೆ. 2016ರ ಹೋಲೋಲೆನ್ಸ್‌ನಲ್ಲಿ ಹಾಗೆ ಬೆಳಕನ್ನ ತಿರುಗಿಸ್ತಿದ್ದದ್ದು ಅತಿ ಸೂಕ್ಷ್ಮ ಗೀರುಗಳು. ಈ ಗೀರುಗಳಿಂದ ಎರಡು ಪೀಡೆ: ಬೆಳಕು ಬಿದ್ದರೆ ಸಿಡಿ ತಟ್ಟೆಯ ಹಾಗೆ ಕಾಮನಬಿಲ್ಲು, ಜೊತೆಗೆ ಎದುರಿನವರ ಕಡೆಗೂ ಸೋರುವ ಬೆಳಕು. ಕಾಮನಬಿಲ್ಲು ತೊಲಗಲಿ, ಅದರಿಂದ ಯಾರಿಗೂ ಉಪಕಾರವಿಲ್ಲ.

ಆದ್ರೆ ಆ ಸೋರುವ ಬೆಳಕು? 2025ರಲ್ಲಿ ಬಂದ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇಯಲ್ಲಿ ಗೀರಿನ ಬದಲು ಗಾಜಿನೊಳಗೆ ಹುದುಗಿಸಿದ ಅರೆಗನ್ನಡಿಗಳಿವೆ. ಸೋರಿಕೆ ಬರೀ ಶೇಕಡಾ 2 ಅಂತ ಕಂಪನಿಯೇ ಹೇಳಿಕೊಂಡಿದೆ. ಅಂದ್ರೆ ನೀವು ಎದುರು ಕೂತು ಕಷ್ಟಸುಖ ಹೇಳಿಕೊಳ್ತಿರುವಾಗ ಅವನು ಮೆಸೇಜ್ ಓದ್ತಿದ್ರೂ ನಿಮಗೆ ಗೊತ್ತಾಗಲ್ಲ! ಮೊಬೈಲ್ ಆಗಿದ್ರೆ ತಲೆಯಾದ್ರೂ ತಗ್ಗಿಸಬೇಕಿತ್ತು. ಕ್ಯಾಮೆರಾ ಓಡುವಾಗ ದೀಪ ಉರಿಯುತ್ತೆ, ಓದುವಾಗ ಅದೂ ಇಲ್ಲ.

ಬೆಳಕು ಸೋರಿದ್ರೆ ಓದೋನ ಗುಟ್ಟು ರಟ್ಟಾಗುತ್ತಲ್ಲ ಅಂತೀರಾ? ಅಕ್ಷರ ಮುಚ್ಚಿಡಿ ಸ್ವಾಮಿ, ಯಾರು ಬೇಡ ಅಂದ್ರು? ಪರದೆ ಹೊತ್ತಿಕೊಂಡಾಗ ಚೌಕಟ್ಟಿನ ಮೇಲೊಂದು ಚುಕ್ಕಿ ದೀಪ ಬೆಳಗಿಸೋಕೆ ಏನು ಧಾಡಿ? ಗಾಜಿನೊಳಗೆ ಸಾಲುಗನ್ನಡಿ ಹುದುಗಿಸಿದ ಇಂಜಿನಿಯರುಗಳಿಗೆ ಇದೊಂದು ಕಷ್ಟವೇ?